ತಿಂದದ್ದು ಮೈಗೆ ಹತ್ತದ ಕೋಳಿ

ಕಾಫಿ ಸೀಮೆಯ ಹಿತ್ತಲ ಕೋಳಿಗಳು ಮಳೆಗಾಲ ಕಳೆಯುವ ಹೊತ್ತಿಗೆ ಸೊರಗುತ್ತವೆ. ಮೇವಿನ ಕೊರತೆಗಿಂತ ದೊಡ್ಡ ನಷ್ಟ ಕರುಳಿನೊಳಗೆ ನಡೆದಿರುತ್ತದೆ.

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿನ ದಾರಿ ಹಿಡಿದರೆ ಸಿಗುವ ಆಲ್ದೂರು, ಕಾಫಿಯ ನಡುವೆ ಕುಳಿತ ಊರು. ಇಲ್ಲಿ ಮಳೆಯನ್ನು ಇಂಚಿನ ಲೆಕ್ಕದಲ್ಲಿ ಬರೆದಿಡುತ್ತಾರೆ. ಮೃಗಶಿರಾ ಹಿಡಿದರೆ ಮಘೆ ಕಳೆಯುವವರೆಗೂ ತೋಟದ ನೆಲ ಒಣಗುವುದು ಅಪರೂಪ. ಹಾಲವಾಣ, ಹಲಸು, ಸಿಲ್ವರ್ ಓಕಿನ ನೆರಳಲ್ಲಿ ದರಗು ಕೊಳೆಯುತ್ತದೆ, ಎರೆಹುಳು ಮೇಲೇಳುತ್ತದೆ, ಬಸವನಹುಳು ಗೋಡೆ ಹತ್ತುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳ ಕೋಳಿಗಳು, ಸಣ್ಣ ಬೆಳೆಗಾರರ ಹಿತ್ತಲ ಕೋಳಿಗಳು, ಹೋಮ್‌ಸ್ಟೇ ಅಡುಗೆಮನೆಗೆಂದು ಸಾಕಿದ ನಾಟಿ ಕೋಳಿಗಳು ಬೆಳಗಿನಿಂದ ಸಂಜೆಯವರೆಗೆ ಕೆದಕುವುದು ಇದೇ ನೆಲವನ್ನು. ಮಳೆ ಹಿಂದೆ ಸರಿದು ನವರಾತ್ರಿ ಹತ್ತಿರವಾದಾಗ ಸಾಕಿದವರ ಬಾಯಲ್ಲಿ ಒಂದೇ ಮಾತು: ‘ತಿನ್ನೋದೇನೋ ಚೆನ್ನಾಗಿ ತಿನ್ನುತ್ತೆ, ಮೈಗೆ ಮಾತ್ರ ಹತ್ತಲ್ಲ.’

ಆ ಮಾತಿನ ಹಿಂದೆಯೇ ಕಾರಣಗಳ ಹುಡುಕಾಟವೂ ಶುರುವಾಗುತ್ತದೆ. ತಳಿ ಸರಿಯಿಲ್ಲ ಎನ್ನುತ್ತಾರೆ ಕೆಲವರು, ಮೇವು ಸಾಲದು ಎನ್ನುತ್ತಾರೆ ಇನ್ನು ಕೆಲವರು. ನುಚ್ಚಿನ ಜತೆ ಮೆಕ್ಕೆಜೋಳ ಸೇರುತ್ತದೆ, ತೌಡಿನ ಚೀಲ ಬೇಗ ಬರಿದಾಗುತ್ತದೆ, ಟಾನಿಕ್ ಬಾಟಲಿಯೂ ಮನೆಗೆ ಬರುತ್ತದೆ. ಕೋಳಿಯ ತೂಕ ಮಾತ್ರ ಏರುವುದಿಲ್ಲ. ಕೊಟ್ಟ ಮೇವು ಹೊಟ್ಟೆಗೆ ಹೋಗಿದೆ, ರಕ್ತಕ್ಕೆ ಸೇರಿಲ್ಲ. ಈ ಎರಡರ ನಡುವೆ ಇರುವುದು ಕರುಳು. ಮಲೆನಾಡಿನಲ್ಲಿ ಕೋಳಿ ಸಾಕುವವರು ಮೇವಿನ ಖರ್ಚು ಏರಿಸುವ ಮೊದಲು ನೋಡಬೇಕಾದದ್ದು ಆ ಕರುಳನ್ನು, ಅದರ ಜತೆಗೆ ಗೂಡಿನ ನೆಲವನ್ನು.

ಹೀರುವ ಗೋಡೆ

ಕೋಳಿ ನುಂಗಿದ ಕಾಳು ಮೇವುಚೀಲದಲ್ಲಿ ನೆನೆದು, ಅರೆಯುವ ಜಠರದಲ್ಲಿ ಕಲ್ಲಿನ ಚೂರುಗಳ ನಡುವೆ ನುಣ್ಣಗಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಸಣ್ಣ ಕರುಳಿನ ಮೊದಲ ಸುರುಳಿ ಡುಯೋಡಿನಮ್. ಮೇದೋಜೀರಕ ಗ್ರಂಥಿಯ ರಸವೂ ಪಿತ್ತರಸವೂ ಮೇವಿಗೆ ಸೇರುವುದು ಇಲ್ಲಿ. ಇಲ್ಲಿಂದ ಮುಂದಿನ ಉದ್ದಕ್ಕೂ ಕರುಳಿನ ಒಳಗೋಡೆಯ ತುಂಬ ವಿಲ್ಲೈ ಎಂಬ ಸೂಕ್ಷ್ಮ ಚಾಚುಗಳಿವೆ. ಪ್ರತಿ ವಿಲ್ಲೈಯ ಹೊರಮೈಯ ಜೀವಕೋಶಗಳ ಅಂಚಿನಲ್ಲಿ ಇನ್ನೂ ಸೂಕ್ಷ್ಮವಾದ ಕುಂಚದಂಥ ಪದರವಿದೆ. ಪಿಷ್ಟದ ತುಣುಕನ್ನು ಸಕ್ಕರೆಯಾಗಿ, ಪ್ರೋಟೀನಿನ ತುಣುಕನ್ನು ಅಮೈನೋ ಆಮ್ಲವಾಗಿ ಕೊನೆಯ ಬಾರಿಗೆ ಕತ್ತರಿಸುವ ಕಿಣ್ವಗಳು ಈ ಪದರದಲ್ಲೇ ನೆಲೆಸಿವೆ. ಕತ್ತರಿಸುವ ಕೆಲಸ, ಒಳಗೆ ಎಳೆದುಕೊಳ್ಳುವ ಕೆಲಸ ಎರಡೂ ಒಂದೇ ಜಾಗದಲ್ಲಿ ನಡೆಯುವುದರಿಂದ ಆ ಜಾಗ ಕೆಟ್ಟರೆ ಎರಡೂ ಒಟ್ಟಿಗೆ ನಿಲ್ಲುತ್ತವೆ.

ವಿಲ್ಲೈಗಳು ಉದ್ದವಾಗಿ, ಒತ್ತಾಗಿ ಇದ್ದಷ್ಟೂ ಹೀರುವ ಮೈ ಹೆಚ್ಚು. ಅವುಗಳ ಬುಡದ ಕುಳಿಗಳಲ್ಲಿ ಹೊಸ ಜೀವಕೋಶಗಳು ಹುಟ್ಟಿ ಮೇಲೇರುತ್ತಾ, ತುದಿಯಲ್ಲಿ ಸವೆದವುಗಳ ಜಾಗ ತುಂಬುತ್ತವೆ. ಕರುಳಿನ ಪರಾವಲಂಬಿಗಳ ದಾಳಿ ನಡೆಯುವುದು ಸರಿಯಾಗಿ ಇದೇ ಗೋಡೆಯ ಮೇಲೆ.

ಯಾರು, ಎಲ್ಲಿ

ಹಿತ್ತಲ ಕೋಳಿಯಲ್ಲಿ ಎದ್ದು ಕಾಣುವುದು ದುಂಡು ಹುಳು, ವಿಜ್ಞಾನದಲ್ಲಿ ಆಸ್ಕರಿಡಿಯಾ ಗ್ಯಾಲಿ. ಬಿಳಿ ಬಣ್ಣ, ದಪ್ಪ ಮೈ, ಬಲಿತ ಹೆಣ್ಣು ಹುಳು 10 ಸೆಂಟಿಮೀಟರಿಗೂ ಮಿಕ್ಕಿ ಬೆಳೆಯುತ್ತದೆ. ಇದರ ಮೊಟ್ಟೆ ಹಿಕ್ಕೆಯೊಂದಿಗೆ ನೆಲಕ್ಕೆ ಬೀಳುತ್ತದೆ. ಬಿದ್ದ ಕೂಡಲೇ ಅದು ಸೋಂಕು ತರುವುದಿಲ್ಲ. ತೇವ ಮತ್ತು ಹದವಾದ ಬಿಸಿ ಸಿಕ್ಕರೆ ಎರಡು ವಾರದ ಆಸುಪಾಸಿನಲ್ಲಿ ಅದರೊಳಗೆ ಮರಿ ಸಿದ್ಧವಾಗುತ್ತದೆ. ಕೋಳಿ ಅದನ್ನು ಮೇವಿನೊಂದಿಗೆ ನುಂಗಿದ ಮೇಲೆ ಮರಿ ಹೊರಬಂದು, ಮೊದಲ ವಾರ ಕಳೆದ ನಂತರ ಡುಯೋಡಿನಮ್ಮಿನ ಲೋಳೆಪದರಕ್ಕೆ ತಲೆ ತೂರಿಸುತ್ತದೆ. ಅಲ್ಲಿ ಬಲಿತು ಮತ್ತೆ ಕರುಳಿನ ಒಳಹಾದಿಗೆ ಇಳಿದು, 5ರಿಂದ 8 ವಾರದಲ್ಲಿ ತಾನೇ ಮೊಟ್ಟೆಯಿಡಲು ಶುರುಮಾಡುತ್ತದೆ. ದೊಡ್ಡ ಹುಳುವನ್ನು ಕಂಡು ನಾವು ಬೆಚ್ಚುತ್ತೇವೆ, ಆದರೆ ಗೋಡೆಯೊಳಗೆ ಹೊಕ್ಕ ಕಣ್ಣಿಗೆ ಕಾಣದ ಮರಿಹುಳು ಮಾಡುವ ಗಾಯವೇ ಹೆಚ್ಚಿನದು. ಅಲ್ಲಿ ರಕ್ತ ಜಿನುಗುತ್ತದೆ, ವಿಲ್ಲೈ ಮುರಿಯುತ್ತದೆ, ಬಾವು ಬರುತ್ತದೆ.

ಎರಡನೆಯದು ಲಾಡಿ ಹುಳು. ಕೋಳಿಯಲ್ಲಿ ಹೆಚ್ಚಾಗಿ ಸಿಗುವವು ರೈಲಿಯೆಟಿನಾ ಕುಲದವು. ಕೆಲವು 25 ಸೆಂಟಿಮೀಟರಿನವರೆಗೆ ಬೆಳೆಯುತ್ತವೆ. ಲಾಡಿ ಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ತಲೆಯ ಹೀರುಬಟ್ಟಲುಗಳಿಂದ ಗೋಡೆಗೆ ಅಂಟಿಕೊಂಡು, ಕೋಳಿ ಜೀರ್ಣಿಸಿದ ಮೇವಿನ ಸಾರವನ್ನು ಮೈಯ ಚರ್ಮದಿಂದಲೇ ಹೀರಿಕೊಳ್ಳುತ್ತದೆ. ರೈಲಿಯೆಟಿನಾ ಎಕಿನೊಬಾತ್ರಿಡಾ ಎಂಬ ಜಾತಿ ಅಂಟಿದಲ್ಲೆಲ್ಲ ಗಂಟು ಎಬ್ಬಿಸುತ್ತದೆ. ಹೊರಗಿನಿಂದ ನೋಡಿದವರಿಗೆ ಕ್ಷಯದ ಗಂಟಿರಬೇಕು ಎಂಬ ಅನುಮಾನ ಬರುವಷ್ಟು ಸ್ಪಷ್ಟವಾದ ಗಂಟುಗಳವು. 4 ಮಿಲಿಮೀಟರು ಮೀರದ ಡವೈನಿಯಾ ಪ್ರೊಗ್ಲೊಟಿನಾ ಎಂಬ ಪುಟ್ಟ ಲಾಡಿ ಹುಳು ಇನ್ನೂ ಕೆಡುಕಿನದು. ಅದು ಡುಯೋಡಿನಮ್ಮಿನ ವಿಲ್ಲೈಗಳ ನಡುವೆಯೇ ಹೂತು ಕೂರುತ್ತದೆ.

ಮೂರನೆಯದು ಹುಳುವಲ್ಲ, ಏಕಕೋಶ ಜೀವಿ: ಐಮೇರಿಯಾ. ಇದು ತರುವ ಕಾಕ್ಸಿಡಿಯೋಸಿಸ್ ಕಾಯಿಲೆಯನ್ನು ನಮ್ಮವರು ರಕ್ತಭೇದಿ ಎಂದೇ ಕರೆಯುತ್ತಾರೆ. ಕೋಳಿಯಲ್ಲಿ ಇದರ 7 ಜಾತಿಗಳಿವೆ, ಪ್ರತಿಯೊಂದಕ್ಕೂ ಕರುಳಿನಲ್ಲಿ ತನ್ನದೇ ಜಾಗ. ಐಮೇರಿಯಾ ಅಸರ್ವುಲಿನಾ ಡುಯೋಡಿನಮ್ಮಿನಲ್ಲಿ, ಮ್ಯಾಕ್ಸಿಮಾ ಕರುಳಿನ ನಡುಭಾಗದಲ್ಲಿ, ಟೆನೆಲ್ಲಾ ಕುರುಡುಕರುಳಿನಲ್ಲಿ. ಹಿಕ್ಕೆಯಲ್ಲಿ ರಕ್ತ ತೋರಿಸಿ ಮರಿಗಳನ್ನು ಕೊಲ್ಲುವುದು ಟೆನೆಲ್ಲಾ. ಅಸರ್ವುಲಿನಾ ರಕ್ತ ತೋರಿಸುವುದಿಲ್ಲ, ಕೊಲ್ಲುವುದೂ ಕಡಿಮೆ. ಹೀರಿಕೆಯನ್ನು ಮಾತ್ರ ಕಿತ್ತುಕೊಳ್ಳುತ್ತದೆ. ಹಾಗಾಗಿ ಸಾಕಿದವರ ಗಮನಕ್ಕೆ ಬಾರದೆ ವರ್ಷಗಟ್ಟಲೆ ನಷ್ಟ ಮಾಡುವುದು ಇದೇ.

ಪೋಷಕಾಂಶ ತಪ್ಪುವ ದಾರಿಗಳು

‘ಹುಳು ಕೋಳಿಯ ಪಾಲನ್ನು ತಿನ್ನುತ್ತದೆ’ ಎಂಬುದು ನಿಜ, ಆದರೆ ಅದು ನಷ್ಟದ ಸಣ್ಣ ಭಾಗ. ಬಾಡಿಗೆ ಕೊಡದೆ ಮನೆಯಲ್ಲಿ ಕೂತವನು ಉಣ್ಣುವ ಅನ್ನಕ್ಕಿಂತ ಅವನು ಕೆಡವುವ ಗೋಡೆಯ ಬೆಲೆ ದೊಡ್ಡದು.

ಮರಿಹುಳು ಅಥವಾ ಐಮೇರಿಯಾ ಹೊಕ್ಕ ಕರುಳಿನಲ್ಲಿ ವಿಲ್ಲೈ ಗಿಡ್ಡವಾಗುತ್ತದೆ, ಬುಡದ ಕುಳಿ ಆಳವಾಗುತ್ತದೆ. ಸವೆದದ್ದನ್ನು ತುಂಬಲು ಕರುಳು ಅವಸರದಿಂದ ಹೊಸ ಜೀವಕೋಶ ಹುಟ್ಟಿಸುತ್ತದೆ. ಆ ಎಳೆ ಜೀವಕೋಶಗಳಲ್ಲಿ ಕಿಣ್ವಗಳು ಇನ್ನೂ ತುಂಬಿರುವುದಿಲ್ಲ. ಪಿಷ್ಟವೂ ಪ್ರೋಟೀನೂ ಅರ್ಧ ಕತ್ತರಿಸಿದ ಸ್ಥಿತಿಯಲ್ಲೇ ಮುಂದೆ ಜಾರುತ್ತವೆ. ಕೆಳಗಿನ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸುತ್ತವೆ, ನೀರು ಸೆಳೆಯುತ್ತದೆ, ಹಿಕ್ಕೆ ತೆಳುವಾಗುತ್ತದೆ. ಹಿಕ್ಕೆಯಲ್ಲಿ ಜೀರ್ಣವಾಗದ ಕಾಳಿನ ಚೂರು ಕಂಡರೆ ಅದು ದುಡ್ಡು ಕೊಟ್ಟು ತಂದ ಮೇವೇ.

ಇದರ ಜತೆಗೆ ಸೋರಿಕೆ. ಗಾಯವಾದ ಗೋಡೆಯಿಂದ ರಕ್ತದ ಪ್ರೋಟೀನು ಕರುಳಿನೊಳಕ್ಕೆ ಇಳಿಯುತ್ತದೆ. ಆ ಪ್ರೋಟೀನನ್ನು ಉಂಡು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಬೆಳೆದರೆ ಕರುಳೇ ಕೊಳೆಯುವ ಕಾಯಿಲೆ ಬರುತ್ತದೆ. ಕಾಕ್ಸಿಡಿಯಾದ ಹಿಂದೆಯೇ ಈ ಕಾಯಿಲೆ ಬರುವುದನ್ನು ಕೋಳಿ ವೈದ್ಯರೆಲ್ಲ ಬಲ್ಲರು. ಗೋಡೆಯನ್ನು ಕಾಪಾಡಿಕೊಳ್ಳಲು ಕರುಳು ಲೋಳೆಯನ್ನು ಹೆಚ್ಚಿಸುತ್ತದೆ. ಲೋಳೆಯ ಮುಖ್ಯ ವಸ್ತುವಾದ ಮ್ಯೂಸಿನ್ನಿಗೆ ತ್ರಿಯೋನಿನ್ ಎಂಬ ಅಮೈನೋ ಆಮ್ಲ ಬಹಳ ಬೇಕು. ರೋಗನಿರೋಧಕ ಜೀವಕೋಶಗಳನ್ನು ಕಟ್ಟಲೂ ಪ್ರೋಟೀನೇ ಬೇಕು. ಮಾಂಸಕ್ಕೂ ಮೊಟ್ಟೆಗೂ ಹೋಗಬೇಕಾದದ್ದು ಹೀಗೆ ರಿಪೇರಿಗೆ ಹೋಗುತ್ತದೆ. ಸೋಂಕು ಬಲವಾದರೆ ಹಸಿವೂ ಕುಂದುತ್ತದೆ. ಆಗ ಒಳಗೆ ಬರುವುದೂ ಕಡಿಮೆ, ಬಂದದ್ದರಲ್ಲಿ ಹೀರುವುದೂ ಕಡಿಮೆ.

ಕೊಬ್ಬಿನ ಹೀರಿಕೆ ತಪ್ಪಿದಾಗ ಅದರಲ್ಲಿ ಕರಗುವ ಎ, ಡಿ, ಇ ವಿಟಮಿನ್ನುಗಳೂ ಕೈತಪ್ಪುತ್ತವೆ. ಇದನ್ನು ಕಣ್ಣಿನಿಂದಲೇ ಕಾಣಬಹುದು. ಮೆಕ್ಕೆಜೋಳ ಮತ್ತು ಹಸಿರು ಸೊಪ್ಪಿನ ಹಳದಿ ವರ್ಣದ್ರವ್ಯವಾದ ಕ್ಯಾರೊಟಿನಾಯ್ಡ್ ಕರುಳಿನಿಂದ ರಕ್ತಕ್ಕೆ ಸೇರಿ ಕೋಳಿಯ ಕಾಲಿಗೂ ಮೊಟ್ಟೆಯ ಭಂಡಾರಕ್ಕೂ ಬಣ್ಣ ಕೊಡುತ್ತದೆ. ಡುಯೋಡಿನಮ್ ಕೆಟ್ಟರೆ ಮೊದಲು ಮಾಸುವುದು ಆ ಹಳದಿ. ಹಳದಿ ಕಾಲಿನ ಕೋಳಿಯ ಕಾಲು ಬಿಳಿಚಿಕೊಂಡರೆ, ಭಂಡಾರ ತೆಳು ಬಣ್ಣಕ್ಕೆ ತಿರುಗಿದರೆ ಕರುಳನ್ನು ಅನುಮಾನಿಸಬೇಕು. ವಿಟಮಿನ್ ಡಿ ತಪ್ಪಿದಾಗ ಸುಣ್ಣದ ಅಂಶ ಒಳಗೆ ಬರುವುದಿಲ್ಲ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಅದು ಸಿಗದ ಕೋಳಿ ಮೆತ್ತನೆ ಚಿಪ್ಪಿನ ಮೊಟ್ಟೆ ಇಡುತ್ತದೆ, ಇಲ್ಲವೇ ಮೊಟ್ಟೆಯನ್ನೇ ನಿಲ್ಲಿಸುತ್ತದೆ.

ಸೊರಗಿದ ಕೋಳಿಗೇ ಹೆಚ್ಚು ಹುಳು

ಅಮೆರಿಕದ ಕಾನ್ಸಸ್‌ನಲ್ಲಿ ಜೇಮ್ಸ್ ಆಕರ್ಟ್ ಎಂಬ ಪರಾವಲಂಬಿ ಜೀವಿಗಳ ವಿಜ್ಞಾನಿ 1920 ಮತ್ತು 30ರ ದಶಕಗಳಲ್ಲಿ ಕೋಳಿಯ ದುಂಡು ಹುಳುವಿನ ಬೆನ್ನು ಹತ್ತಿದ್ದರು. ವಿಟಮಿನ್ ಎ ಕೊರತೆಯ ಮೇವು ತಿಂದ ಮರಿಗಳಲ್ಲಿ ಹುಳುಗಳು ಹೆಚ್ಚು ಉಳಿಯುತ್ತವೆ, ಹೆಚ್ಚು ಉದ್ದ ಬೆಳೆಯುತ್ತವೆ ಎಂದು ಅವರೂ ಅವರ ಸಂಗಡಿಗರೂ 1931ರಲ್ಲಿ ತೋರಿಸಿದರು. ಬಿಳಿ ಲೆಗ್‌ಹಾರ್ನ್‌ಗಿಂತ ರೋಡ್ ಐಲ್ಯಾಂಡ್ ರೆಡ್‌ನಂಥ ಭಾರದ ತಳಿಗಳು ಹುಳುವನ್ನು ಚೆನ್ನಾಗಿ ತಡೆಯುತ್ತವೆ, 3 ತಿಂಗಳು ದಾಟಿದ ಕೋಳಿಗೆ ಎಳೆಯ ಮರಿಗಿಂತ ತಾಳಿಕೆ ಹೆಚ್ಚು ಎಂಬುದೂ ಆ ಕಾಲದ ಕೆಲಸದಿಂದಲೇ ತಿಳಿಯಿತು.

ಇದನ್ನು ನಮ್ಮ ಹಿತ್ತಲಿಗೆ ತಂದು ನೋಡಿದರೆ ಚಿತ್ರ ಸ್ಪಷ್ಟ. ಹುಳು ವಿಟಮಿನ್ ಎ ಹೀರಿಕೆಯನ್ನು ಕೆಡಿಸುತ್ತದೆ. ವಿಟಮಿನ್ ಎ ಇಲ್ಲದ ಕರುಳು ಹುಳುವನ್ನು ತಡೆಯಲಾರದು. ಒಂದು ಇನ್ನೊಂದನ್ನು ಬೆಳೆಸುತ್ತಾ ಹೋಗುತ್ತದೆ. ಜೂನ್‌ನಲ್ಲಿ ಹೊರಬಂದ ಮರಿಗೆ ಸೋಂಕಿನ ನೆಲ ಕಾದಿರುತ್ತದೆ, ತಾಳಿಕೆ ಬರುವ 3 ತಿಂಗಳು ಪೂರ್ತಿ ಮಳೆಯಲ್ಲೇ ಕಳೆಯುತ್ತದೆ. ಮಳೆಗಾಲದ ಮರಿಗಳು ಏಳಿಗೆಯಾಗುವುದಿಲ್ಲ ಎಂಬ ಹಿರಿಯರ ಮಾತಿಗೆ ಚಳಿ ಒಂದು ಕಾರಣ, ಕರುಳು ಇನ್ನೊಂದು.

ಲಸಿಕೆಯ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ದುಂಡು ಹುಳು ಇರುವ ಕೋಳಿಯಲ್ಲಿ ಕೊಕ್ಕರೆ ರೋಗದ ಲಸಿಕೆಗೆ ಪ್ರತಿಕಾಯಗಳು ಸರಿಯಾಗಿ ಹುಟ್ಟುವುದಿಲ್ಲ ಎಂಬುದು ಪ್ರಯೋಗಗಳಲ್ಲಿ ಕಂಡಿದೆ. ಲಸಿಕೆ ಹಾಕಿಸಿದ ಮೇಲೂ ಕೋಳಿ ಹೋದವು ಎಂದು ಲಸಿಕೆಯನ್ನು ದೂರುವ ಮನೆಗಳಲ್ಲಿ ಜಂತಿನ ಔಷಧಿ ಯಾವಾಗ ಕೊಟ್ಟಿರಿ ಎಂದು ಮೊದಲು ಕೇಳಬೇಕು. ಲಸಿಕೆಗೆ ವಾರದಿಂದ ಹತ್ತು ದಿನ ಮುಂಚೆ ಜಂತಿನ ಔಷಧಿ ಕೊಡಿ ಎಂದು ಪಶುವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಕಾಫಿ ನೆರಳಿನ ನೆಲ

ದುಂಡು ಹುಳುವಿನ ಮೊಟ್ಟೆಗೆ ದಪ್ಪ ಚಿಪ್ಪಿದೆ. ಫಿನೈಲು, ಸಾಬೂನು ನೀರು ಅದನ್ನು ಸುಲಭಕ್ಕೆ ಮುಟ್ಟಲಾರವು. ಅದನ್ನು ಕೊಲ್ಲುವುದು ಒಣಹವೆ ಮತ್ತು ನೆತ್ತಿಯ ಬಿಸಿಲು. ನೆರಳು, ದರಗು, ತೇವ ಮೂರೂ ಇರುವಲ್ಲಿ ಅದು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಕಾಫಿ ಗಿಡಕ್ಕೆ ಒಳ್ಳೆಯದಾದ ನೆರಳೂ ತಂಪೂ ಹುಳುವಿನ ಮೊಟ್ಟೆಗೂ ಒಳ್ಳೆಯದೇ. ಎರೆಹುಳು ಈ ಮೊಟ್ಟೆಯನ್ನು ಮಣ್ಣಿನೊಂದಿಗೆ ನುಂಗಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ, ಕೋಳಿ ಎರೆಹುಳುವನ್ನು ಆಸೆಯಿಂದ ತಿನ್ನುತ್ತದೆ.

ಲಾಡಿ ಹುಳುವಿಗೆ ಮಧ್ಯವರ್ತಿ ಬೇಕೇ ಬೇಕು. ರೈಲಿಯೆಟಿನಾದ ಎರಡು ಮುಖ್ಯ ಜಾತಿಗಳಿಗೆ ನೆಲದಲ್ಲಿ ಗೂಡು ಮಾಡುವ ಸಣ್ಣ ಇರುವೆಗಳು, ಇನ್ನೊಂದಕ್ಕೆ ಸಗಣಿ, ಗೊಬ್ಬರದ ದುಂಬಿಗಳು, ಡವೈನಿಯಾಕ್ಕೆ ಬಸವನಹುಳು ಮತ್ತು ಚಿಪ್ಪಿಲ್ಲದ ಅದರ ಬಳಗ. ಮಳೆಗಾಲದ ಮಲೆನಾಡಿನ ಹಿತ್ತಲಲ್ಲಿ ಇವೆಲ್ಲ ಒಟ್ಟಿಗೇ ಇವೆ. ಕೊಟ್ಟಿಗೆ, ಗೊಬ್ಬರದ ಗುಂಡಿ, ಕೋಳಿಗೂಡು ಒಂದಕ್ಕೊಂದು ತಾಗಿರುವ ಮನೆಗಳಲ್ಲಿ ಹುಳುವಿನ ಸುತ್ತು ಮುರಿಯುವುದೇ ಇಲ್ಲ.

ಕುರುಡುಕರುಳಿನ ಹುಳು ಹೆಟರಾಕಿಸ್ 1 ಸೆಂಟಿಮೀಟರಿನ ಆಸುಪಾಸಿನದು. ಕೋಳಿಗೆ ಅದರಿಂದ ಹಾನಿ ಕಡಿಮೆ. ಆದರೆ ಹಿಸ್ಟೊಮೊನಾಸ್ ಎಂಬ ಏಕಕೋಶ ಜೀವಿಯನ್ನು ಅದು ತನ್ನ ಮೊಟ್ಟೆಯೊಳಗೆ ಹೊತ್ತಿರುತ್ತದೆ. ಟರ್ಕಿ ಕೋಳಿಗಳಿಗೆ ಆ ಜೀವಿ ತರುವ ರೋಗ ಮಾರಕ. ಹುಳುವಿನ ಮೊಟ್ಟೆಯ ಮೂಲಕ ಈ ರೋಗ ದಾಟುತ್ತದೆಂದು ವಿಜ್ಞಾನಿಗಳಾದ ಗ್ರೇಬಿಲ್ ಮತ್ತು ಥಿಯೋಬಾಲ್ಡ್ ಸ್ಮಿತ್ ತೋರಿಸಿದ್ದು 1920ರಲ್ಲಿ. ಹೋಮ್‌ಸ್ಟೇ ಅಂದಕ್ಕೆಂದು ನಾಟಿ ಕೋಳಿಯ ಜತೆ ಟರ್ಕಿಯನ್ನು ಬಿಡುವವರು ಇದನ್ನು ತಿಳಿದಿರಬೇಕು.

ಕೋಳಿಯನ್ನು ನೆಲಕ್ಕೆ ಬಿಟ್ಟಲ್ಲೆಲ್ಲ ಈ ಪ್ರಶ್ನೆ ಇದೆ. ಐರೋಪ್ಯ ಒಕ್ಕೂಟ 2012ರಿಂದ ಮೊಟ್ಟೆ ಕೋಳಿಗಳ ಹಳೆಯ ಮಾದರಿಯ ಪಂಜರಗಳನ್ನು ನಿಷೇಧಿಸಿತು. ಕೋಳಿಗೆ ಕೆದಕಲು ನೆಲ ಸಿಕ್ಕಿತು, ಪಂಜರದಲ್ಲಿ ಮರೆತೇಹೋಗಿದ್ದ ದುಂಡು ಹುಳುವೂ ಹಿಂದಿರುಗಿತು. ಕೋಳಿಯನ್ನು ಮತ್ತೆ ಪಂಜರಕ್ಕೆ ತಳ್ಳುವುದು ಇದಕ್ಕೆ ಉತ್ತರವಲ್ಲ. ಬಿಟ್ಟು ಸಾಕುವವರು ನೆಲವನ್ನೂ ಸಾಕಬೇಕು, ಅಷ್ಟೇ. ಭಾರತದಲ್ಲಿ 2019ರ 20ನೇ ಜಾನುವಾರು ಗಣತಿ ಲೆಕ್ಕ ಹಾಕಿದ 85 ಕೋಟಿ ಕೋಳಿಗಳ ಪೈಕಿ 31 ಕೋಟಿಗೂ ಹೆಚ್ಚು ಹಿತ್ತಲಿನವು. 2012ರ ಗಣತಿಗೆ ಹೋಲಿಸಿದರೆ ಹಿತ್ತಲ ಕೋಳಿಗಳು ಶೇ 45ಕ್ಕೂ ಮೀರಿ ಹೆಚ್ಚಿವೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಅದರ ನಂತರ ಬಂದ ಸ್ವರ್ಣಧಾರಾ ತಳಿಗಳು ಹಿತ್ತಲಿಗೆಂದೇ ಹುಟ್ಟಿದವು. ನಾಟಿ ಕೋಳಿಗಿಂತ ಬೇಗ ಬೆಳೆಯುವ, ಹೆಚ್ಚು ಮೊಟ್ಟೆಯಿಡುವ ಈ ತಳಿಗಳಿಗೆ ಪೋಷಕಾಂಶವೂ ಹೆಚ್ಚು ಬೇಕು. ಹೀರಿಕೆ ತಪ್ಪಿದರೆ ತಳಿಯ ಗುಣ ಹೊರಬರುವುದೇ ಇಲ್ಲ, ಆಪಾದನೆ ಮಾತ್ರ ತಳಿಯ ತಲೆಗೆ ಬರುತ್ತದೆ.

ಪರೀಕ್ಷೆ ಮನೆಯಲ್ಲೇ ಇದೆ

ಎದೆಯ ಮೂಳೆ ಚೂಪಾಗಿ ಕೈಗೆ ಸಿಗುವುದು, ಜುಟ್ಟು ಬಿಳಿಚುವುದು, ರೆಕ್ಕೆ ಜೋತುಬೀಳುವುದು, ಹಿಕ್ಕೆ ನೀರಾಗುವುದು, ಒಂದೇ ವಯಸ್ಸಿನ ಮರಿಗಳಲ್ಲಿ ಏರುಪೇರು ಕಾಣುವುದು ಇವೆಲ್ಲ ಹೊರಗಿನ ಗುರುತುಗಳು. ಖಚಿತವಾಗಬೇಕಾದರೆ ಎರಡು ದಾರಿ. ತಾಜಾ ಹಿಕ್ಕೆಯನ್ನು ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಒಯ್ದರೆ, ಉಪ್ಪಿನ ದ್ರಾವಣದಲ್ಲಿ ತೇಲಿಸಿ ಸೂಕ್ಷ್ಮದರ್ಶಕದಲ್ಲಿ ಹುಳುವಿನ ಮೊಟ್ಟೆ ಹುಡುಕಬಹುದು. ಇನ್ನೊಂದು ದಾರಿ ಕಡುಬು, ಕೋಳಿ ಸಾರು ಮಾಡುವ ಪ್ರತಿ ಮನೆಯಲ್ಲೂ ಇದೆ. ಕೋಳಿ ಕುಯ್ದ ದಿನ ಕರುಳನ್ನು ಎಸೆಯುವ ಮೊದಲು ಉದ್ದಕ್ಕೆ ಸೀಳಿ, ನೀರು ತುಂಬಿದ ಕಪ್ಪು ತಟ್ಟೆಯಲ್ಲಿ ಅಲ್ಲಾಡಿಸಿ ನೋಡಿ. ದುಂಡು ಹುಳು, ಲಾಡಿಯ ತುಣುಕು, ಗೋಡೆಯ ಗಂಟು, ಡುಯೋಡಿನಮ್ಮಿನ ಅಡ್ಡಡ್ಡ ಬಿಳಿ ಗೀರು ಕಾಣುತ್ತವೆ. ಆ ಗೀರು ಅಸರ್ವುಲಿನಾದ್ದು. ನೋಡಿದ ಮೇಲೆ ಕರುಳನ್ನು ಆಳಕ್ಕೆ ಹೂಳಿ, ಉಳಿದ ಕೋಳಿಗಳಿಗೆ ಎಸೆಯಬೇಡಿ. ಕೋಳಿಯ ಈ ದುಂಡು ಹುಳು, ಮನುಷ್ಯರ ಹೊಟ್ಟೆಯ ಜಂತು ಬೇರೆ ಬೇರೆ ಜಾತಿಗಳು. ಚೆನ್ನಾಗಿ ಬೇಯಿಸಿದ ಮಾಂಸಕ್ಕೆ ಹೆದರುವ ಕಾರಣವಿಲ್ಲ.

ಔಷಧಿಯಲ್ಲಿ ಒಂದೇ ಗುಳಿಗೆ ಎಲ್ಲಕ್ಕೂ ಆಗುವುದಿಲ್ಲ. ಪಿಪರಜೀನ್ ಬಲಿತ ದುಂಡು ಹುಳುವನ್ನು ಹೊರಹಾಕುತ್ತದೆ, ಗೋಡೆಯೊಳಗಿನ ಮರಿಗಳನ್ನು ಮುಟ್ಟುವುದಿಲ್ಲ. ಹಾಗಾಗಿ ಕೆಲವು ವಾರಗಳ ನಂತರ ಮತ್ತೆ ಕೊಡಬೇಕು. ಫೆನ್‌ಬೆಂಡಜೋಲ್, ಅಲ್ಬೆಂಡಜೋಲ್, ಲೆವಮಿಸೋಲ್ ದುಂಡು ಹುಳುಗಳಿಗೆ ಇನ್ನೂ ಸಮರ್ಥ. ಲಾಡಿ ಹುಳುವಿಗೆ ಪ್ರಾಜಿಕ್ವಾಂಟೆಲ್ ಅಥವಾ ನಿಕ್ಲೊಸಮೈಡ್ ಬೇಕು. ಐಮೇರಿಯಾಕ್ಕೆ ಜಂತಿನ ಔಷಧಿ ಕೆಲಸಕ್ಕೆ ಬಾರದು, ಅದಕ್ಕೆ ಆಂಪ್ರೋಲಿಯಂನಂಥ ಔಷಧಿಯೇ ಆಗಬೇಕು. ಆಂಪ್ರೋಲಿಯಂ ವಿಟಮಿನ್ ಬಿ1ರ ರೂಪವನ್ನೇ ಹೋಲುವ ವಸ್ತು. ಪರಾವಲಂಬಿಗೆ ಬಿ1 ಸಿಗದಂತೆ ಮಾಡಿ ಕೊಲ್ಲುತ್ತದೆ. ಅದನ್ನು ಕೊಡುವ ದಿನಗಳಲ್ಲೇ ‘ಶಕ್ತಿ ಬರಲಿ’ ಎಂದು ಬಿ ಕಾಂಪ್ಲೆಕ್ಸ್ ಟಾನಿಕ್ ಸೇರಿಸಿದರೆ ಔಷಧಿಯ ಬಲ ಕುಗ್ಗುತ್ತದೆ. ಅಳತೆ ಕಡಿಮೆ ಮಾಡಿ ಕೊಡುವುದು ಹುಳುವಿಗೆ ಔಷಧಿ ತಾಳುವ ಶಕ್ತಿ ಕಲಿಸಿದಂತೆ. ಎಷ್ಟು ಕೊಡಬೇಕು, ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ, ಮಾಂಸ ಬಳಸಬಾರದು ಎಂಬುದನ್ನು ಪಶುವೈದ್ಯರನ್ನೇ ಕೇಳಬೇಕು.

ನಮ್ಮ ಕಾಡಿನ ಕುಂಕುಮದ ಮರದ ಕಾಯಿಯ ಕೆಂಪು ಪುಡಿ ಒಂದು ಕಾಲದಲ್ಲಿ ಕೋಳಿಯ ಲಾಡಿ ಹುಳುವಿಗೆ ಪಶುವೈದ್ಯ ಪುಸ್ತಕಗಳೇ ಹೇಳುತ್ತಿದ್ದ ಮದ್ದು. ಅಡಿಕೆಯ ಅರೆಕೊಲಿನ್ ನಾಯಿಗಳ ಲಾಡಿ ಹುಳುವಿಗೆ ಬಳಕೆಯಲ್ಲಿತ್ತು. ಪಪ್ಪಾಯಿಯ ಹಾಲು ದುಂಡು ಹುಳುವಿನ ಮೇಲೆ ಕೆಲಸ ಮಾಡುವುದನ್ನು ಕೋಳಿಗಳಲ್ಲೇ ಪರೀಕ್ಷಿಸಲಾಗಿದೆ. ಇವುಗಳಲ್ಲಿ ಸತ್ವವಿದೆ. ಆದರೆ ಮರದಿಂದ ಮರಕ್ಕೆ, ಕಾಯಿಯಿಂದ ಕಾಯಿಗೆ ಆ ಸತ್ವದ ಪ್ರಮಾಣ ಬದಲಾಗುತ್ತದೆ, ಅಡಿಕೆ ಹೆಚ್ಚಾದರೆ ವಿಷವೇ ಆಗುತ್ತದೆ. ಹಿರಿಯರ ತಿಳಿವಳಿಕೆಯನ್ನು ಗೌರವಿಸೋಣ, ಬಳಸುವಾಗ ಅಳತೆ ತಿಳಿದು ಬಳಸೋಣ.

ಬಿಸಿಲೇ ಮೊದಲ ಮೇವು

ಔಷಧಿ ಕೊಟ್ಟು ಅದೇ ತೇವದ ನೆಲಕ್ಕೆ ಬಿಟ್ಟರೆ ಎರಡು ತಿಂಗಳಲ್ಲಿ ಹುಳು ಮತ್ತೆ ಹಾಜರಾಗುತ್ತದೆ. ಕೆಲಸ ಆಗಬೇಕಾದದ್ದು ನೆಲದಲ್ಲಿ. ಗೂಡನ್ನು ನೆಲದಿಂದ ಎತ್ತರಿಸಿ ಹಲಗೆ ಅಥವಾ ಬಿದಿರಿನ ಸಂದು ಬಿಟ್ಟರೆ ಹಿಕ್ಕೆ ಕೆಳಗೆ ಬೀಳುತ್ತದೆ, ಕೋಳಿಯ ಬಾಯಿಗೆ ಸಿಗುವುದಿಲ್ಲ. ಆ ಹಿಕ್ಕೆಯನ್ನು ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ ಎಳೆದು ಹಾಕಬೇಕು, ಏಕೆಂದರೆ ಐಮೇರಿಯಾ ಒಂದೆರಡು ದಿನದಲ್ಲೇ ಸೋಂಕು ತರುವ ಸ್ಥಿತಿಗೆ ಬರುತ್ತದೆ. ಹಸಿ ಹಿಕ್ಕೆಯನ್ನು ಮೆಣಸಿನ ಬಳ್ಳಿಯ ಬುಡಕ್ಕೆ ಸುರಿಯುವ ಬದಲು ದರಗಿನೊಂದಿಗೆ ರಾಶಿ ಹಾಕಿ ಕಾವು ಬರಿಸಿ ಕೊಳೆಸಿದರೆ ಹುಳುವಿನ ಮೊಟ್ಟೆ ಸಾಯುತ್ತದೆ, ತೋಟಕ್ಕೆ ಒಳ್ಳೆಯ ಗೊಬ್ಬರವೂ ಸಿಗುತ್ತದೆ. ಮೇವನ್ನು ನೆಲಕ್ಕೆ ಎರಚದೆ ಬಾನಿಯಲ್ಲಿ ಕೊಡಬೇಕು. ನೀರಿನ ಪಾತ್ರೆಯ ಸುತ್ತ ಕೆಸರಾಗದಂತೆ ನೋಡಬೇಕು. ಮರಿಗಳನ್ನು ದೊಡ್ಡ ಕೋಳಿಗಳು ತಿರುಗಿದ ಜಾಗದಲ್ಲಿ ಬಿಡಬಾರದು, ಏಕೆಂದರೆ ದೊಡ್ಡವು ತಾವು ಸೊರಗದೆಯೂ ಹುಳುವಿನ ಮೊಟ್ಟೆ ಉದುರಿಸುತ್ತಿರುತ್ತವೆ.

ಕಾಫಿ ಕಣದಲ್ಲಿ ಹಣ್ಣು ಒಣಗುವ ಡಿಸೆಂಬರಿನಿಂದ ಮಾರ್ಚಿನವರೆಗಿನ ಬಿಸಿಲು ಕೋಳಿಗೂ ಸಿಗಬೇಕು. ಗೂಡಿನ ಹಲಗೆಗಳನ್ನು ಬಿಚ್ಚಿ ಬಿಸಿಲಿಗೆ ಒಡ್ಡುವುದು, ಗೂಡಿನ ಅಡಿಯ ಮೇಲ್ಮಣ್ಣು ಕೆರೆದು ತೆಗೆಯುವುದು, ಮೇಲಿನ ಕೊಂಬೆಯನ್ನು ಕಪಾತು ಮಾಡಿ ಬೆಳಕು ಬಿಡುವುದು ಈ ತಿಂಗಳುಗಳ ಕೆಲಸ. ಮಳೆ ಹಿಡಿಯುವ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ಕಳೆದ ಮೇಲೆ ಇನ್ನೊಮ್ಮೆ, ನಡುವೆ ವೈದ್ಯರು ಹೇಳಿದಂತೆ ಜಂತಿನ ಔಷಧಿ ಬೀಳಬೇಕು. ನುಗ್ಗೆಸೊಪ್ಪಿನಂಥ ಹಸಿರನ್ನು ದಿನವೂ ಕೊಟ್ಟರೆ ವಿಟಮಿನ್ ಎ ಖರ್ಚಿಲ್ಲದೆ ಸಿಗುತ್ತದೆ.

ನಮ್ಮ ಮಕ್ಕಳಿಗೆ 2015ರಿಂದ ಪ್ರತಿವರ್ಷ ಫೆಬ್ರುವರಿ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಯಲ್ಲೇ ಅಲ್ಬೆಂಡಜೋಲ್ ಗುಳಿಗೆ ನುಂಗಿಸುತ್ತಾರೆ. ಬಿಸಿಯೂಟ ಮೈಗೆ ಹತ್ತಬೇಕಾದರೆ ಹೊಟ್ಟೆ ಹುಳುವಿಲ್ಲದೆ ಇರಬೇಕು ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಿದೆ. ಲೈನ್ ಮನೆಯ ಮಗುವಿನ ತಟ್ಟೆಗೆ ಮೊಟ್ಟೆ ಕೊಡುವ ಕೋಳಿಗೂ ಅದೇ ನ್ಯಾಯ ಸಲ್ಲಬೇಕು. ಪಶುಪಾಲನಾ ಇಲಾಖೆ ಮರಿ ಹಂಚುವಾಗ ಜತೆಗೆ ಜಂತಿನ ಔಷಧಿಯ ವೇಳಾಪಟ್ಟಿಯನ್ನೂ ಕೊಡಲಿ. ತೋಟದ ಮಾಲೀಕರು ಲೈನ್ ಮನೆಗಳ ಹಿಂದೆ ಎತ್ತರದ ಗೂಡು ಕಟ್ಟಲು ನಾಲ್ಕು ಹಲಗೆ ಕೊಡಲಿ. ಸಾಕುವವರು ಮುಂದಿನ ಬಾರಿ ತೌಡಿನ ಚೀಲ ಕೊಳ್ಳುವ ಮುನ್ನ ಒಂದು ಚಿಟಿಕೆ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ಯಲಿ, ಹೋಗಲಾಗದವರು ಪಶುವೈದ್ಯ ಸಹಾಯವಾಣಿ 1962ಕ್ಕೆ ಕರೆ ಮಾಡಲಿ. ಮೇವಿಗೆ ಸುರಿಯುವ ದುಡ್ಡು ಮೊಟ್ಟೆಯಾಗಿ ಹಿಂದಿರುಗಬೇಕಾದರೆ ಮೊದಲು ಕರುಳು ವಾಸಿಯಾಗಬೇಕು.